ತೋಟಾದೊಳಗೆ ಗುಂಡು ಎಷ್ಟು ಆಳಕ್ಕಿಳಿದಿದೆ?

ಪಿಸ್ತೂಲಿನ ತೋಟಾ ಎಂದರೆ ಹಿತ್ತಾಳೆಯ ಒಂದು ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಹೊಗೆರಹಿತ ಮದ್ದು ಮತ್ತು ಬಾಯಲ್ಲಿ ಬಿಗಿಯಾಗಿ ಕೂತ ಗುಂಡು. ಬಳಸಿದ ಕೋಶಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸ ಅಮೆರಿಕದ ಗುರಿಕಾರರಲ್ಲಿ ಬಹಳ ಹಳೆಯದು. ಆದರೆ ಅಲ್ಲಿಯೂ ಮದ್ದಿನ ತೂಕದ ಮೇಲೆ ಇಡುವ ಗಮನವನ್ನು ಗುಂಡಿನ ತಳ ಕೋಶದೊಳಗೆ ಎಲ್ಲಿ ನಿಂತಿದೆ ಎಂಬುದರ ಮೇಲೆ ಎಲ್ಲರೂ ಇಡುವುದಿಲ್ಲ.

ಹೊಗೆರಹಿತ ಮದ್ದನ್ನು 1884ರಲ್ಲಿ ರೂಪಿಸಿದ ಫ್ರಾನ್ಸಿನ ಪಾಲ್ ವಿಯೆಯ್ ಹೆಸರಿನಲ್ಲಿರುವ ನಿಯಮದಂತೆ, ಸುತ್ತಲಿನ ಒತ್ತಡ ಏರಿದಷ್ಟೂ ಮದ್ದು ಉರಿಯುವ ವೇಗ ಏರುತ್ತದೆ. ಗುಂಡು ಆಳಕ್ಕಿಳಿದು ಅದರ ಹಿಂದಿನ ಜಾಗ ಕಿರಿದಾದರೆ ಅನಿಲದ ಒತ್ತಡ ಬೇಗ ಏರುತ್ತದೆ, ಆ ಒತ್ತಡ ಉರಿಯನ್ನು ಚುರುಕುಗೊಳಿಸುತ್ತದೆ, ಚುರುಕಾದ ಉರಿ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಜರ್ಮನಿಯಲ್ಲಿ ಗೇಯಾರ್ಗ್ ಲೂಗರ್ ರೂಪಿಸಿದ 9 ಮಿ.ಮೀ. ತೋಟಾದ ಲೆಕ್ಕ ನೋಡಿದರೆ ಇದರ ತೀವ್ರತೆ ತಿಳಿಯುತ್ತದೆ. ಅದರ ಕೋಶದ ಉದ್ದ ಸುಮಾರು 19 ಮಿ.ಮೀ., ಒಳಗಿನ ಒಟ್ಟು ಜಾಗ ಸುಮಾರು 0.86 ಮಿಲಿಲೀಟರ್, ಗುಂಡು 5 ಮಿ.ಮೀ. ಇಳಿದರೆ ಉಳಿಯುವುದು 0.54 ಮಿಲಿಲೀಟರ್ ಮಾತ್ರ. ಇನ್ನೊಂದೇ ಮಿಲಿಮೀಟರ್ ಒಳಕ್ಕೆ ಹೋದರೆ ಆ ಉಳಿಕೆಯಲ್ಲೂ ಸುಮಾರು ಶೇ. 12 ಕರಗುತ್ತದೆ. ಐದು ಪಟ್ಟು ದೊಡ್ಡ ಕೋಶವಿರುವ .30-06 ರೈಫಲ್ ತೋಟಾದಲ್ಲಿ ಅದೇ ಒಂದು ಮಿಲಿಮೀಟರ್ ಕಸಿಯುವುದು ಶೇ. 1ರ ಆಸುಪಾಸು, ಆದ್ದರಿಂದ ರೈಫಲಿನ ಅನುಭವವನ್ನು ಪಿಸ್ತೂಲಿಗೆ ಹಾಗೆಯೇ ಅನ್ವಯಿಸುವುದು ಅಪಾಯಕರ. ಈ ಪುಟ್ಟ ಕೋಶಕ್ಕೆ ಅಮೆರಿಕದ ಮಾನಕ ಸಂಸ್ಥೆ ‘ಸಾಮಿ’ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್, ಅಂದರೆ ವಾತಾವರಣದ ಒತ್ತಡದ ಸುಮಾರು 2,400 ಪಟ್ಟು.

ಗುಂಡಿನ ಬಗೆ ಮುಖ್ಯವಾಗುವುದು ಇಲ್ಲಿಯೇ. ಗುಂಡಿನ ಉದ್ದಕ್ಕೆ ಕೋಶದ ಉದ್ದವನ್ನು ಕೂಡಿಸಿ ತೋಟಾದ ಒಟ್ಟು ಉದ್ದವನ್ನು ಕಳೆದರೆ ಗುಂಡು ಇಳಿದ ಆಳ ಸಿಗುತ್ತದೆ. ಹೀಗಾಗಿ ಹೊರಗಿನ ಅಳತೆ ಒಂದೇ ಆಗಿದ್ದ ಎರಡು ತೋಟಾಗಳ ಒಳಗಿನ ಜಾಗ ಬೇರೆಯಾಗಿರಬಹುದು. ಸೀಸಕ್ಕಿಂತ ತಾಮ್ರದ ಸಾಂದ್ರತೆ ಕಡಿಮೆಯಾದ್ದರಿಂದ ಅಪ್ಪಟ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುತ್ತದೆ ಮತ್ತು ಹೆಚ್ಚು ಜಾಗ ತಿನ್ನುತ್ತದೆ. ಮೂತಿ ಚಪ್ಪಟೆಯಾದ ಅಥವಾ ಪೊಳ್ಳಾದ ಗುಂಡು, ನಳಿಕೆಯೊಳಗಿನ ಸುರುಳಿ ಗೀರುಗಳಿಗೆ ಮೊದಲೇ ತಾಗದಂತೆ, ಉರುಟು ಮೂತಿಯದಕ್ಕಿಂತ ಆಳವಾಗಿ ಕೂರಬೇಕಾಗುತ್ತದೆ.

ಕೋಶದ ಹಿಡಿತ ಸಡಿಲವಾಗಿದ್ದರೆ, ಪಿಸ್ತೂಲು ತೋಟಾವನ್ನು ಒಳಕ್ಕೆ ಎಳೆದುಕೊಳ್ಳುವಾಗಲೂ ಗುಂಡು ಹಿಂದಕ್ಕೆ ಜಾರಿ ಒತ್ತಡ ಏರುತ್ತದೆ. ಆದುದರಿಂದ ಗುಂಡು ಬದಲಾದಾಗ ಹಳೆಯ ಅಳತೆಯನ್ನು ಉಳಿಸಿಕೊಳ್ಳದೆ, ಆ ಗುಂಡಿಗೆಂದೇ ಪರೀಕ್ಷಿಸಿದ ಕೈಪಿಡಿಯ ಕನಿಷ್ಠ ಪ್ರಮಾಣದಿಂದ ಆರಂಭಿಸುವುದೊಂದೇ ಸರಿಯಾದ ದಾರಿ. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ.