ಮನೆ ನಿಮ್ಮದು, ನಕ್ಷೆಯ ಬಣ್ಣ ಯಾರದು?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಿಮ್ಮದೊಂದು ಮನೆ ಇದೆ ಅನ್ನಿ. ಅದನ್ನ ಕೆಡವಿ ದೊಡ್ಡ ವ್ಯಾಪಾರಿ ಕಾಂಪ್ಲೆಕ್ಸ್ ಕಟ್ಟೋಣ ಅನಿಸ್ತು. ಜಾಗ ನಿಮ್ಮದೇ. ಆದ್ರೆ ಮಾಸ್ಟರ್ ಪ್ಲಾನ್‌, ಅಂದ್ರೆ ಊರಿನ ಯಾವ ಜಾಗ ಯಾವುದಕ್ಕೆ ಅಂತ ತೋರಿಸೋ ನಕ್ಷೆಯಲ್ಲಿ ಅದು ಹಳದಿ ಇದ್ರೆ, ವಾಸಕ್ಕೆ ಅಂತ ಅರ್ಥ. ವ್ಯಾಪಾರಕ್ಕೆ ನೀಲಿ.

ಈ ಬಣ್ಣ ಹಚ್ಚೋರು ಯಾರು? ಕರಡು ತಯಾರಿಸೋದು ಬುಡಾ, ಅಂದ್ರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ. ಅಂತಿಮ ಒಪ್ಪಿಗೆ ಮಾತ್ರ ರಾಜ್ಯ ಸರ್ಕಾರದ್ದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹಾಗೇ ಹೇಳುತ್ತೆ. ನೀವು ಓಟು ಹಾಕಿ ಗೆಲ್ಲಿಸಿದ ಕಾರ್ಪೊರೇಟರ್‌ಗೆ ಇಲ್ಲಿ ಕೊನೇ ಮಾತಿಲ್ಲ. ನನಗಂತೂ ಇದು ಸರಿ ಕಾಣಲ್ಲ.

ಆದ್ರೆ ಕರಡು ಪ್ರಕಟವಾದ 60 ದಿನದೊಳಗೆ ಯಾರು ಬೇಕಾದ್ರೂ ಅಭಿಪ್ರಾಯ ಸಲ್ಲಿಸಬಹುದು. ಬರೆದೇ ಕೊಡಬೇಕು, ಬಾಯಿಮಾತು ನಡೆಯಲ್ಲ. ಮುಂದಿನ ಕರಡು ಬಂದಾಗ ನಿಮ್ಮ ಓಣಿ ಯಾವ ಬಣ್ಣದಲ್ಲಿದೆ, ಒಮ್ಮೆ ಹೋಗಿ ನೋಡಿ ಬನ್ನಿ.