ಕುಸಿತದಲ್ಲಿ ಸಿಕ್ಕವರಿಗೆ ಮೊದಲ ನೆರವು

ನಮ್ಮ ಊಟಿ ಹತ್ತಿರದ ಅವಲಾಂಚಿಗೆ ಆ ಹೆಸರು ಬಂದದ್ದು ಹಿಮದಿಂದಲ್ಲ, 1820ರ ದಶಕದಲ್ಲಿ ಅಲ್ಲಾದ ಗುಡ್ಡ ಕುಸಿತದಿಂದ. 2009ರ ನವೆಂಬರ್ ಮಳೆಯಲ್ಲಿ ನೀಲಗಿರಿ 40ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಉಳಿದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಯಾರೂ ಮರೆತಿಲ್ಲ. ಅಂಥದ್ದು ಬಲು ಅಪರೂಪ. ಹಿಮವಾಗಲಿ ಮಣ್ಣಾಗಲಿ, ಮುಚ್ಚಿಹೋದವರಿಗೆ ಉಸಿರು ಕಟ್ಟಲು ಕೆಲವೇ ನಿಮಿಷ ಸಾಕು. ರಸ್ತೆಯೂ ಮುಚ್ಚಿದ್ದರೆ ಆ ಹೊತ್ತಿಗೆ ಇರುವವರು ಅಕ್ಕಪಕ್ಕದ ಮನೆಯವರೇ.

ಓಡುವ ಮೊದಲು ಮೇಲೆ ನೋಡಿ, ಗುಡ್ಡ ಮತ್ತೆ ಜಾರಬಹುದು. ಒಬ್ಬರು ಅಲ್ಲಿ ಕಣ್ಣಿಟ್ಟಿರಲಿ, ಒಬ್ಬರು 108ಕ್ಕೆ ಕರೆ ಮಾಡಲಿ. ಆ ವ್ಯಕ್ತಿ ಕೊನೆಗೆ ಕಂಡ ಜಾಗಕ್ಕೆ ಕೋಲು ನೆಡಿ. ಆಗಾಗ ಎಲ್ಲರೂ ಸುಮ್ಮನಾಗಿ ಕಿವಿಗೊಡಿ. ಸಿಕ್ಕವರ ಮುಖ, ಎದೆ ಮೊದಲು ಬಿಡಿಸಿ, ಬಾಯಿಯ ಮಣ್ಣು ತೆಗೆಯಿರಿ. ಉಸಿರಿಲ್ಲದಿದ್ದರೆ 30 ಸಲ ಎದೆ ಒತ್ತಿ, 2 ಸಲ ಬಾಯಿಂದ ಉಸಿರು ಕೊಡಿ, ಹೀಗೇ ಮುಂದುವರಿಸಿ. ಎಚ್ಚರ ಇದ್ದರೆ ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಚಹಾ ಹಾಕಲೇಬೇಡಿ. ನಮ್ಮಲ್ಲಿ ಹಿರಿಯರೇ ಮೊದಲು ಮಾಡುವುದು ಇದನ್ನು!

ಎದೆ ಒತ್ತುವುದು ಓದಿ ಬರುವ ವಿದ್ಯೆಯಲ್ಲ. ಮುಂದಿನ ಮಳೆಗಾಲದೊಳಗೆ ಒಂದು ತರಬೇತಿ ಇಡಬೇಕೆಂದಿದ್ದೇವೆ. ಗೂಡಲೂರು, ಮಸಿನಗುಡಿಯವರು ಸಂಘದಲ್ಲಿ ಹೆಸರು ಬರೆಸಿ.