ಪರನಾಡಿನ ಹಳ್ಳಿಯಲ್ಲಿ ಮುಪ್ಪಿನ ಮನೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಆ ಬೆಟ್ಟದ ಬುಡಕ್ಕೇ ಹೋಗಿ ಮನೆಮಾಡಿದವರ ಪಾಡೇನೆಂದು ವಿಚಾರಿಸಿದವರು ಅಪರೂಪ. ಉದ್ಯೋಗದಿಂದ ನಿವೃತ್ತರಾದ ಮೇಲೆ ತಮ್ಮ ದೇಶದ ಮಳೆಮೋಡಗಳಿಗೂ ಪಟ್ಟಣದ ಗದ್ದಲಕ್ಕೂ ಬೇಸತ್ತು, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಫ್ರಾನ್ಸಿನ ಹಳ್ಳಿಗಳಲ್ಲಿ ನೆಲೆನಿಂತಿರುವ ಬ್ರಿಟಿಷ್ ದಂಪತಿಗಳು ಸಾವಿರಾರು ಮಂದಿ ಇದ್ದಾರೆ. ಅವರ ಮನೆವಾರ್ತೆ ಹೇಗೆ ಸಾಗುತ್ತದೆ, ಅದರಲ್ಲಿ ಸುಖವೆಷ್ಟು, ಕಷ್ಟವೆಷ್ಟು ಎಂಬುದು ಸಂಸಾರಸ್ಥರೆಲ್ಲರೂ ಆಲೋಚಿಸತಕ್ಕ ವಿಷಯ. ಮುಪ್ಪಿನಲ್ಲಿ ಎಲ್ಲಿ ಬಾಳಬೇಕು, ಯಾರ ನಡುವೆ ಬಾಳಬೇಕು ಎಂಬ ಪ್ರಶ್ನೆ ಯಾವ ಮನೆಯನ್ನೂ ಬಿಟ್ಟದ್ದಲ್ಲವಷ್ಟೆ.

ಮೊದಲು ಆ ಮನೆಗಳು ಇವರಿಗೆ ಹೇಗೆ ದೊರೆತುವೆಂಬುದನ್ನು ಹೇಳಬೇಕು. 1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಫ್ರಾನ್ಸಿನ ಹೊಲಗಳಿಗೆ ಟ್ರಾಕ್ಟರುಗಳು ಬಂದುವು. ಹಲವು ಆಳುಗಳ ಕೆಲಸವನ್ನು ಒಬ್ಬನೇ ಮಾಡುವಂತಾಯಿತು. ರೈತರ ಮಕ್ಕಳು ಕಾರ್ಖಾನೆ ಕಚೇರಿಗಳನ್ನು ಹುಡುಕಿಕೊಂಡು ಪಟ್ಟಣಗಳಿಗೆ ಹೊರಟುಹೋದರು. ದೊರ್ದೋನ್, ಶಾರಾಂತ್, ಲಿಮೂಸೆನ್ ಮುಂತಾದ ಸೀಮೆಗಳಲ್ಲಿ ಅಜ್ಜಂದಿರು ಕಟ್ಟಿಸಿದ ದಪ್ಪ ಕಲ್ಲುಗೋಡೆಯ ಮನೆಗಳೂ ಕೊಟ್ಟಿಗೆಗಳೂ ಬಾಗಿಲು ಮುಚ್ಚಿಕೊಂಡು ನಿಂತುವು. ಇಂಗ್ಲೆಂಡಿನಲ್ಲಿ ಸಣ್ಣದೊಂದು ಮನೆಯನ್ನು ಮಾರಿದ ಹಣಕ್ಕೆ ಇಲ್ಲಿ ತೋಟ ಹಿತ್ತಿಲುಗಳ ಸಮೇತ ದೊಡ್ಡ ಮನೆಯೇ ಸಿಕ್ಕುವಂತಿತ್ತು. ಪೀಟರ್ ಮೇಲ್ ಎಂಬ ಇಂಗ್ಲಿಷ್ ಲೇಖಕನು ಪ್ರೊವಾನ್ಸ್ ಸೀಮೆಯಲ್ಲಿ ತಾನು ಕಳೆದ ಒಂದು ವರ್ಷದ ವೃತ್ತಾಂತವನ್ನು 1989ರಲ್ಲಿ ಪ್ರಕಟಿಸಿದ ಮೇಲಂತೂ ಈ ಆಸೆ ಮನೆಮನೆಗೂ ಹಬ್ಬಿತು. ಅನಂತರ ಬೆರ್ಜೆರಾಕ್, ಲಿಮೋಜ್ ಮೊದಲಾದ ಸಣ್ಣ ಊರುಗಳಿಗೂ ಅಗ್ಗದ ವಿಮಾನಗಳು ಬರತೊಡಗಿ ದಾರಿಯೂ ಸುಗಮವಾಯಿತು.

ಇಂತಹವರ ಮನೆ ಎಂದು ಹೆಸರಿಸದೆ, ಆ ಬಗೆಯ ಒಂದು ಸಂಸಾರದ ದಿನಚರಿಯನ್ನು ನೋಡೋಣ. ಬೇಸಗೆಯಲ್ಲಿ ಕಂಡು ಮೆಚ್ಚಿ ಕೊಂಡ ಮನೆ ಚಳಿಗಾಲದಲ್ಲಿ ತನ್ನ ನಿಜಗುಣವನ್ನು ತೋರಿಸುತ್ತದೆ. ಕಲ್ಲಿನ ಗೋಡೆ ಒಮ್ಮೆ ತಣ್ಣಗಾಯಿತೆಂದರೆ ಬೇಗನೆ ಬಿಸಿಯಾಗುವುದಿಲ್ಲ. ಆದ್ದರಿಂದ ಯಜಮಾನನು ಮಳೆಗಾಳಿಗೆ ಮೊದಲೇ ಸೌದೆಯನ್ನು ತರಿಸಿ ಒಟ್ಟಬೇಕು. ಅಲ್ಲಿ ಸೌದೆಯನ್ನು ತೂಗುವುದಿಲ್ಲ. ಸ್ಟೇರ್ ಎಂಬ ಅಳತೆಯಲ್ಲಿ, ಎಂದರೆ ಒಂದು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ರಾಶಿಯಾಗಿ ಕೊಡುತ್ತಾರೆ. ಓಕ್ ಮರದ ಸೌದೆ ಚೆನ್ನಾಗಿ ಉರಿಯಬೇಕಾದರೆ ಎರಡು ವರ್ಷ ಒಣಗಿರಬೇಕು. ಹೊಸದಾಗಿ ಬಂದವರಿಗೆ ಇದು ತಿಳಿಯದೆ ಮೊದಲನೆಯ ಚಳಿಗಾಲವನ್ನು ಹೊಗೆಯಲ್ಲಿ ಕಳೆಯುವುದುಂಟು. ಊರ ಹೊರಗಿನ ಒಂಟಿಮನೆಗಳಿಗೆ ಒಳಚರಂಡಿಯ ಸೌಕರ್ಯವಿರುವುದು ಕಡಮೆ. ಕೊಳೆನೀರಿಗೆ ತಮ್ಮ ಗುಂಡಿಯನ್ನು ತಾವೇ ನೋಡಿಕೊಳ್ಳಬೇಕು. ಮನೆಯನ್ನು ಮಾರುವಾಗ ಆ ಗುಂಡಿಯನ್ನು ಪರೀಕ್ಷಿಸಿದ ಪತ್ರವನ್ನು ತೋರಿಸಬೇಕೆಂದು ಶಾಸನವೇ ಉಂಟು.

ಬೆಳಗಾದರೆ ಗೃಹಿಣಿ ರೊಟ್ಟಿಯಂಗಡಿಗೆ ಹೊರಡುತ್ತಾಳೆ. ಫ್ರಾನ್ಸಿನ ಉದ್ದರೊಟ್ಟಿಯಾದ ಬಾಗೆತ್ ಅಂದಂದಿಗೇ ತಿನ್ನತಕ್ಕದ್ದು, ಮರುದಿನಕ್ಕೆ ಕಟ್ಟಿಗೆಯಾಗುತ್ತದೆ. ಅದನ್ನು ಮಾಡುವ ಕಲೆಯನ್ನು ಯುನೆಸ್ಕೋ ಸಂಸ್ಥೆಯು 2022ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಯೊಳಗೆ ಕಾಲಿಟ್ಟೊಡನೆ ಬೇಕಾದುದನ್ನು ಕೇಳುವುದು ಅಲ್ಲಿ ಒರಟುತನ. ಮೊದಲು ‘ಬೋಂಜೂರ್’ ಎಂದು ಅಂಗಡಿಯವಳಿಗೂ ಅಲ್ಲಿ ನಿಂತವರಿಗೂ ವಂದಿಸಬೇಕು, ಆಮೇಲೆ ವ್ಯವಹಾರ. ಈ ಒಂದು ಮಾತನ್ನು ಮರೆತು, ‘ಈ ಊರಿನವರು ಬಿಗುಮಾನದವರು’ ಎಂದು ದೂರುವ ಪರಕೀಯರು ಎಷ್ಟೋ ಮಂದಿ. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯವರೆಗೆ ಅಂಗಡಿ ಕಚೇರಿಗಳೆಲ್ಲ ಸಾಮಾನ್ಯವಾಗಿ ಮುಚ್ಚಿರುತ್ತವೆ. ಅದು ಊಟದ ಹೊತ್ತು. ಊಟವನ್ನು ಅವಸರಪಡಿಸುವುದು ಅವರಿಗೆ ಸಲ್ಲದು. ಗಡಿಯಾರದಂತೆ ದುಡಿದು ಬಂದ ಇಂಗ್ಲಿಷ್ ದಂಪತಿಗಳು ಮೊದಲು ಇದಕ್ಕೆ ಸಿಡುಕುತ್ತಾರೆ. ಒಂದೆರಡು ವರ್ಷ ಕಳೆದರೆ ತಾವೂ ಕದವಿಕ್ಕಿ ಊಟಕ್ಕೆ ಕೂರುತ್ತಾರೆ.

ಭಾಷೆಯ ವಿಷಯ ಇದಕ್ಕಿಂತ ಕಠಿಣವಾದುದು. ನಮ್ಮಲ್ಲಿ ‘ನೀನು’ ‘ನೀವು’ ಇರುವಂತೆ ಫ್ರೆಂಚಿನಲ್ಲಿಯೂ ಎರಡು ಮಾತುಗಳಿವೆ. ಈಗಿನ ಇಂಗ್ಲಿಷಿನಲ್ಲಿರುವುದು ಒಂದೇ. ಯಾರನ್ನು ಯಾವಾಗ ಏಕವಚನದಲ್ಲಿ ಕರೆಯಬಹುದೆಂಬುದು ಕನ್ನಡಿಗನಿಗೆ ಹೇಳಿಕೊಡದೆಯೇ ತಿಳಿದೀತು. ಇಂಗ್ಲಿಷಿನವನಿಗೆ ಅದೊಂದು ದೊಡ್ಡ ಪಾಠ. ಮಧ್ಯವಯಸ್ಸು ದಾಟಿದ ಮೇಲೆ ಹೊಸ ನುಡಿ ನಾಲಗೆಗೆ ಸುಲಭವಾಗಿ ಹೊರಳದು. ಹೀಗಾಗಿ ಅನೇಕ ಮನೆಗಳಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಮಾತ್ರ ಕಲಿಯುತ್ತಾರೆ; ಕಚೇರಿಯ ಕಾಗದ, ವೈದ್ಯರ ಮಾತು, ನೆರೆಯವರೊಡನೆ ಹರಟೆ ಎಲ್ಲವೂ ಅವರ ಪಾಲಿಗೆ ಬೀಳುತ್ತದೆ. ಮತ್ತೊಬ್ಬರು ತೋಟ ನೋಡಿಕೊಂಡು, ಕಾರು ನಡೆಸಿಕೊಂಡು, ತಮ್ಮ ದೇಶದವರೊಡನೆ ಮಾತ್ರ ಬೆರೆಯುತ್ತಾರೆ. ಇಬ್ಬರೂ ಗಟ್ಟಿಯಾಗಿರುವವರೆಗೆ ಈ ಏರ್ಪಾಡು ಸಾಗುತ್ತದೆ.

ಇದರ ನಡುವೆ ಅವರ ಜೀವನವನ್ನೇ ಅಲುಗಿಸಿದ ಒಂದು ಸಂಗತಿ ನಡೆಯಿತು. 2016ನೆಯ ಇಸವಿ ಜೂನ್ 23ರಂದು ಬ್ರಿಟನ್ನಿನ ಮತದಾರರು ಯೂರೋಪಿನ ಒಕ್ಕೂಟವನ್ನು ಬಿಡಬೇಕೆಂದು ಬಹುಮತದಿಂದ ನಿರ್ಣಯಿಸಿದರು. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದವರಿಗೆ ಆಗ ಮತದ ಹಕ್ಕೇ ಇರಲಿಲ್ಲ. ಆ ನಿರ್ಬಂಧವು ರದ್ದಾದುದು 2024ರಲ್ಲಿ. ತಮ್ಮ ಬಾಳಿನ ತೀರ್ಪಿನಲ್ಲಿ ತಮಗೇ ಬಾಯಿಲ್ಲವಾಯಿತಲ್ಲಾ ಎಂದು ನೊಂದುಕೊಂಡವರು ಬಹಳ. ಬ್ರಿಟನ್ನು 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದಿತು. ಫ್ರಾನ್ಸಿನಲ್ಲಿ ಸುಮಾರು 35,000 ಗ್ರಾಮ ನಗರ ಸಭೆಗಳಿದ್ದು, ನೂರು ಜನರ ಊರಿಗೂ ತನ್ನದೇ ಮೇಯರನೂ ಸಭೆಯೂ ಉಂಟು. ಅಂತಹ ಸಭೆಗಳಲ್ಲಿ ನೂರಾರು ಮಂದಿ ಬ್ರಿಟಿಷರು ಸದಸ್ಯರಾಗಿದ್ದು, ದಾರಿಯ ದುರಸ್ತು, ಶಾಲೆಯ ಊಟ ಮುಂತಾದ ಕೆಲಸಗಳಲ್ಲಿ ಕೈಜೋಡಿಸಿದ್ದರು. 2020ರ ಮಾರ್ಚಿಯ ಚುನಾವಣೆಯಲ್ಲಿ, ಫ್ರೆಂಚ್ ಪೌರತ್ವ ಪಡೆದವರ ಹೊರತು ಉಳಿದವರಿಗೆ ನಿಲ್ಲುವ ಹಕ್ಕೂ ಹೋಯಿತು, ಮತ ಕೊಡುವ ಹಕ್ಕೂ ಹೋಯಿತು.

ಆ ವರ್ಷದ ಡಿಸೆಂಬರ್ 31ರೊಳಗೆ ಕ್ರಮವಾಗಿ ನೆಲಸಿದ್ದವರಿಗೆ ವಾಸದ ಹಕ್ಕು ಉಳಿಯಿತೆಂಬುದು ಸಮಾಧಾನ. ಆದರೆ 2022ರ ಜನವರಿ 1ರಿಂದ ಅದಕ್ಕೆ ಸರ್ಕಾರದ ವಾಸದ ಚೀಟಿಯನ್ನು ಹೊಂದಿರಲೇಬೇಕೆಂದಾಯಿತು. ಬೇಸಗೆಗೆ ಮಾತ್ರ ಬಂದುಹೋಗುವ ಮನೆಯೊಡೆಯರಾದರೋ, ದೀರ್ಘಕಾಲದ ವೀಸಾ ಇಲ್ಲದಿದ್ದರೆ, ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಸ್ವಂತ ಮನೆಯಲ್ಲಿ ಇದ್ದುಕೊಂಡು ದಿನಗಳನ್ನೆಣಿಸುವ ಸ್ಥಿತಿ ಅವರದಾಯಿತು.

ಇಷ್ಟಾದರೂ ರಾಜಕಾರಣಕ್ಕಿಂತ ದೊಡ್ಡ ಪರೀಕ್ಷೆ ಮುಪ್ಪಿನದೇ. ಹಳ್ಳಿಗಳಲ್ಲಿ ವೈದ್ಯರು ವಿರಳವಾಗಿದ್ದಾರೆ. ವೈದ್ಯರಿಲ್ಲದ ಸೀಮೆಯನ್ನು ‘ವೈದ್ಯರ ಮರುಭೂಮಿ’ ಎಂದೇ ಫ್ರೆಂಚರು ಕರೆಯುತ್ತಾರೆ. ಒಂದು ರಾತ್ರಿ ಗೃಹಿಣಿ ಎದೆನೋವಿನಿಂದ ಕುಸಿದುಬಿದ್ದಳೆನ್ನೋಣ. ಫ್ರೆಂಚು ಬಲ್ಲವಳು ಅವಳೇ. ಗಂಡನು ತುರ್ತು ಚಿಕಿತ್ಸೆಯ 15ನೆಯ ಸಂಖ್ಯೆಗೆ ಟೆಲಿಫೋನು ಮಾಡುತ್ತಾನೆ. ಆದರೆ ಏನಾಯಿತು, ಮನೆ ಎಲ್ಲಿದೆ ಎಂಬುದನ್ನು ಯಾವ ಮಾತಿನಲ್ಲಿ ಹೇಳಬೇಕು? ಬಹುಕಾಲ ಇಂತಹ ಮನೆಗಳಿಗೆ ಬೀದಿಯ ಹೆಸರಾಗಲಿ ಸಂಖ್ಯೆಯಾಗಲಿ ಇರಲಿಲ್ಲ; ಸಣ್ಣ ಊರುಗಳೂ ಬೀದಿಗಳಿಗೆ ಹೆಸರಿಟ್ಟು ಮನೆಗಳಿಗೆ ಸಂಖ್ಯೆ ಹಾಕಬೇಕೆಂದು 2022ರ ಶಾಸನವು ವಿಧಿಸಿತು. ಶಾಸನವು ಸಂಖ್ಯೆಯನ್ನು ಕೊಟ್ಟೀತು. ಅದನ್ನು ಹೇಳುವ ನಾಲಗೆಯನ್ನು ಕೊಡಲಾರದು. ಅಂತಹ ಹೊತ್ತಿನಲ್ಲಿ ಓಡಿಹೋಗಿ ಕದ ತಟ್ಟಬಹುದಾದ ಒಂದು ನೆರೆಮನೆ ಇದೆಯೇ, ಅವರಿಗೆ ಇವನ ಮುಖ ಪರಿಚಯವಿದೆಯೇ ಎಂಬುದರ ಮೇಲೆ ಒಂದು ಜೀವವೇ ನಿಂತಿರಬಹುದು.

ಆಸ್ತಿಯ ವಿಚಾರವನ್ನೂ ಮರೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಮನುಷ್ಯನು ತನ್ನ ಸ್ವತ್ತನ್ನು ಬಹುಮಟ್ಟಿಗೆ ತನ್ನಿಷ್ಟದಂತೆ ಬರೆದಿಡಬಹುದು. ಫ್ರೆಂಚ್ ಕಾನೂನು ಮಕ್ಕಳ ಪಾಲನ್ನು ಕಾಯ್ದಿಡುತ್ತದೆ: ಒಂದು ಮಗುವಿದ್ದರೆ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕರಲ್ಲಿ ಮೂರು ಪಾಲು. ಮೊದಲನೆಯ ಮದುವೆಯ ಮಕ್ಕಳಿರುವ ದಂಪತಿಗಳಿಗೆ ಇದು ತೊಡಕಿನ ಗಂಟು. ಮಲಮಕ್ಕಳು ಉಯಿಲಿನಿಂದ ಪಡೆದ ಸ್ವತ್ತಿಗೆ ಸಾಧಾರಣವಾಗಿ ನೂರಕ್ಕೆ 60ರಷ್ಟು ತೆರಿಗೆ ತೆರಬೇಕು. ಮನೆ ಕೊಳ್ಳುವ ದಿನವೇ ಇದನ್ನು ವಿಚಾರಿಸಿದವರು ಜಾಣರು.

ಹಾಗಾದರೆ ಈ ಸಾಹಸವೇ ತಪ್ಪೇ? ತಪ್ಪೆನ್ನಲಾಗದು. ಶರತ್ಕಾಲದಲ್ಲಿ ನೆರೆಯವರೊಡನೆ ಬಗ್ಗಿ ಅಕ್ರೋಟುಕಾಯಿಗಳನ್ನು ಆಯ್ದವರು, ನವೆಂಬರ್ 11ರಂದು ಊರಿನ ಯುದ್ಧಸ್ಮಾರಕದ ಮುಂದೆ ಎಲ್ಲರೊಡನೆ ತಲೆಬಾಗಿಸಿ ನಿಂತವರು, ತಪ್ಪುತಪ್ಪಾಗಿಯಾದರೂ ಫ್ರೆಂಚಿನಲ್ಲಿ ಮಾತನಾಡಿ ನಗೆಗೀಡಾಗಲು ಅಂಜದವರು ಅಲ್ಲಿ ಒಂಟಿಯಾಗಿ ಉಳಿಯುವುದಿಲ್ಲ. ಸಂಗಾತಿಯನ್ನು ಕಳೆದುಕೊಂಡ ಮೇಲೂ ಹುಟ್ಟಿದೂರಿಗೆ ಹಿಂದಿರುಗದೆ ಅಲ್ಲಿಯೇ ನಿಲ್ಲಲು ಧೈರ್ಯಮಾಡುವವರು ಇಂತಹವರೇ. ಗೋಡೆಯ ಕಲ್ಲನ್ನೂ ತೋಟದ ಮಣ್ಣನ್ನೂ ಹಣ ಕೊಟ್ಟು ಒಂದೇ ದಿನದಲ್ಲಿ ಪತ್ರ ಮಾಡಿಸಿಕೊಳ್ಳಬಹುದು. ನೆರೆಯವರ ವಿಶ್ವಾಸವನ್ನಾದರೋ ದಿನಕ್ಕೊಂದು ವಂದನೆಯಂತೆ ವರ್ಷಗಟ್ಟಲೆ ಗಳಿಸಬೇಕು. ಕೈಕಾಲು ಗಟ್ಟಿಯಾಗಿರುವಾಗಲೇ, ಇಬ್ಬರೂ ಕೂಡಿ, ಅದನ್ನು ಗಳಿಸಿಟ್ಟುಕೊಂಡವರ ಮುಪ್ಪು ಎಲ್ಲಿದ್ದರೂ ಪರದೇಶದ ಮುಪ್ಪಲ್ಲ.